ಎಂಟು ಒಂದುಗಳ ಹಾರ

ಪ್ರಶ್ನೆ ಇದ್ದದ್ದು ಇಷ್ಟೇ. 11111111 ಎಂಬ ಸಂಖ್ಯೆ ಕೆಳಗಿನ ಯಾವುದರಿಂದ ಶೇಷ ಉಳಿಯದಂತೆ ಭಾಗವಾಗುತ್ತದೆ? ಆಯ್ಕೆಗಳು 71, 73, 79, 83.

ಕಳೆದ ವರ್ಷ ಬರೆದ ಒಂದು ಸ್ಪರ್ಧಾತ್ಮಕ ಪರೀಕ್ಷೆಯ ಮಾತು. ಎಂಟು ಒಂದುಗಳನ್ನು ಒಟ್ಟಿಗೆ ನೋಡಿದ ತಕ್ಷಣ ಕೋಚಿಂಗ್ ನೋಟ್ಸ್‌ನಲ್ಲಿ ಬಾಯಿಪಾಠ ಮಾಡಿದ್ದ ಸೂತ್ರಗಳೆಲ್ಲ ತಲೆಯಲ್ಲಿ ಸಾಲುಗಟ್ಟಿ ನಿಂತವು. ಅಂಕಿಗಳ ಮೊತ್ತ ಎಂಟು, ಹಾಗಾಗಿ ಮೂರರಿಂದ ಹೋಗದು, ಒಂಬತ್ತರಿಂದಲೂ ಹೋಗದು. ಬೆಸ ಸ್ಥಾನ, ಸರಿ ಸ್ಥಾನದ ಮೊತ್ತಗಳು ಸಮ, ಹಾಗಾಗಿ ಹನ್ನೊಂದರಿಂದ ಹೋಗುತ್ತದೆ. ಆದರೆ ಮೂರೂ ಇಲ್ಲ, ಒಂಬತ್ತೂ ಇಲ್ಲ, ಹನ್ನೊಂದೂ ಇಲ್ಲ, ಕೇಳಿದ್ದೇ ಬೇರೆ. ಎಪ್ಪತ್ತಮೂರಕ್ಕೆ ನನ್ನ ಬಳಿ ಸೂತ್ರ ಇರಲಿಲ್ಲ. ಸುಮ್ಮನೆ ಭಾಗಿಸಿ ನೋಡಿದ್ದರೆ ಒಂದು ನಿಮಿಷವೂ ಬೇಕಿರಲಿಲ್ಲ. ಅದನ್ನು ಮಾಡಲಿಲ್ಲ. ಶಾರ್ಟ್‌ಕಟ್ ಇಲ್ಲದ ಲೆಕ್ಕವನ್ನು ಬಿಡಿಸುವುದೇ ಮರೆತುಹೋದವನಂತೆ ಕುಳಿತು, ಗಡಿಯಾರ ನೋಡಿ, 71ರ ಮುಂದಿನ ಗುಂಡಿಗೆ ಕಪ್ಪು ಬಳಿದೆ.

ಫಲಿತಾಂಶ ಬಂದಾಗ ಕಟ್ ಆಫ್‌ಗೆ ಮುಕ್ಕಾಲು ಅಂಕ ಕಡಿಮೆ ಇತ್ತು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆ ಅದು. ಆ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದರೂ ಅರ್ಧ ಅಂಕ ಕಡಿಮೆಯೇ ಬೀಳುತ್ತಿತ್ತು. ಸರಿ ಬರೆದಿದ್ದರೆ ಅರ್ಧ ಅಂಕ ಹೆಚ್ಚಾಗುತ್ತಿತ್ತು. ಈ ಲೆಕ್ಕವನ್ನಂತೂ ನಾನು ಅದೆಷ್ಟು ಸಲ ಮಾಡಿದೆನೋ. ಅಪ್ಪ ಏನೂ ಅನ್ನಲಿಲ್ಲ. ಊಟಕ್ಕೆ ಕುಳಿತಾಗ ಒಂದೇ ಮಾತು ಕೇಳಿದರು, "ಅಷ್ಟ ಸಣ್ಣ ಲೆಕ್ಕಕ್ಕ ಹೋತೇನಪಾ?"

ನಮ್ಮದು ಹಾನಗಲ್ ತಾಲ್ಲೂಕಿನ ಹಳ್ಳಿ. ಬಿ.ಎಸ್‌ಸಿ. ಮುಗಿಸಿ ಎರಡು ವರ್ಷವಾಯಿತು. ಹೊಟ್ಟೆಪಾಡಿಗೆ ಬಂಕಾಪುರದ ಒಂದು ಬೀಜ, ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುತ್ತೇನೆ. ಶಿಗ್ಗಾವಿ, ಸವಣೂರು, ಹಾನಗಲ್ ಮೂರೂ ಕಡೆಯ ರೈತರು ಬರುವ ಅಂಗಡಿ. ಮುಂಗಾರಿನಲ್ಲಿ ಉಸಿರಾಡಲು ಬಿಡುವಿಲ್ಲ, ಉಳಿದ ಕಾಲದಲ್ಲಿ ಮಧ್ಯಾಹ್ನ ಪುಸ್ತಕ ಹಿಡಿದು ಕೂರಬಹುದು. ಫಲಿತಾಂಶ ಬಂದ ವಾರ ಪುಸ್ತಕ ಮುಟ್ಟಲು ಮನಸ್ಸಾಗಲಿಲ್ಲ. ಒಂದು ಸಂಜೆ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಆ ಎಂಟು ಒಂದುಗಳನ್ನು ಬರೆದು, ಐದನೇ ಕ್ಲಾಸಿನ ಹುಡುಗನಂತೆ 73ರಿಂದ ಭಾಗಿಸಿದೆ. 111ರಲ್ಲಿ ಒಂದು ಸಲ, ಉಳಿದದ್ದು 38. 381ರಲ್ಲಿ ಐದು ಸಲ. ಹೀಗೇ ಇಳಿದು ಕೊನೆಗೆ 511 ಬಂತು. ಎಪ್ಪತ್ತಮೂರು ಏಳಲೆ ಐನೂರಾ ಹನ್ನೊಂದು. ಶೇಷ ಸೊನ್ನೆ, ಭಾಗಲಬ್ಧ 152207.

ಸಿಟ್ಟು ಬರಬೇಕಿತ್ತು. ಆದರೆ ನನಗೆ ಬಂದದ್ದು ಕುತೂಹಲ. 152207 ಎಂಬ ಚೆಂದವೇನೂ ಇಲ್ಲದ ಸಂಖ್ಯೆಯನ್ನು, 73 ಎಂಬ ಇನ್ನೂ ಚೆಂದವಿಲ್ಲದ ಸಂಖ್ಯೆಯಿಂದ ಗುಣಿಸಿದರೆ ಎಂಟು ಒಂದು ಸಾಲಾಗಿ ನಿಲ್ಲುವುದೇಕೆ? ಪ್ರಶ್ನೆಪತ್ರಿಕೆ ಮಾಡಿದವರು ಇದನ್ನೆಲ್ಲಿ ಹುಡುಕಿದರು?

ಉತ್ತರ ಸಿಕ್ಕಿದ್ದು ಬಸ್ಸಿನಲ್ಲಿ. ಪಿಯುಸಿಯಲ್ಲಿ ನನಗೆ ಗಣಿತ ಕಲಿಸಿದ್ದ ಸರ್ ಹಾನಗಲ್ ಬಸ್ಸಿನಲ್ಲಿ ಸಿಕ್ಕರು. ಈಗ ನಿವೃತ್ತರು. ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆ ಏನಾಯಿತು ಎಂದು ಕೇಳಿದರು. ನಾನು ಮುಕ್ಕಾಲು ಅಂಕದ ಕಥೆ ಹೇಳಿ ಆ ಪ್ರಶ್ನೆಯನ್ನೂ ಹೇಳಿದೆ. ಅವರು ನಕ್ಕುಬಿಟ್ಟರು. "ಇದು ಪ್ರಶ್ನೆಪತ್ರಿಕೆಯವರ ಲೆಕ್ಕ ಅಲ್ಲೋ. ಇದಕ್ಕ ಸಾವಿರದ ನೂರು ವರ್ಷದ ಮ್ಯಾಲಾತು. ನೀ ಕೆಲಸ ಮಾಡೋ ಊರಿಗೆ ಹೆಸರು ಬಂತಲ್ಲ, ಹೆಚ್ಚುಕಡಿಮೆ ಆ ಕಾಲದ್ದು" ಎಂದರು. ಮುಂದಿನ ಭಾನುವಾರ ಅವರ ಮನೆಗೆ ಹೋದೆ. ದಪ್ಪನೆಯ ಪುಸ್ತಕವೊಂದನ್ನು ಮುಂದಿಟ್ಟರು. 'ಗಣಿತಸಾರಸಂಗ್ರಹ', ಮಹಾವೀರಾಚಾರ್ಯರದ್ದು. ಪದ್ಮಾವತಮ್ಮ ಅವರು ಕನ್ನಡಕ್ಕೆ ತಂದಿರುವ ಪ್ರತಿ.

ಮಹಾವೀರಾಚಾರ್ಯರು ಜೈನ ಗಣಿತಜ್ಞರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು, ಪುಸ್ತಕದ ಆರಂಭದಲ್ಲೇ ಅವನನ್ನು ಹೊಗಳಿದ್ದಾರೆ. ಗ್ರಂಥ ರಚನೆಯಾದದ್ದು ಕ್ರಿ.ಶ. 850ರ ಸುಮಾರಿಗೆ. ನೃಪತುಂಗ ಎಂದರೆ ನಮಗೆ 'ಕವಿರಾಜಮಾರ್ಗ' ನೆನಪಾಗುತ್ತದೆ, ಪರೀಕ್ಷೆಗೆ ಓದುವವರಿಗಂತೂ ಅದು ಖಾಯಂ ಪ್ರಶ್ನೆ. ಅದೇ ಕಾಲದಲ್ಲಿ ಇಷ್ಟು ದೊಡ್ಡ ಗಣಿತದ ಪುಸ್ತಕವೂ ಬಂದಿತ್ತು ಎಂಬುದು ಬಿ.ಎಸ್‌ಸಿ. ಮುಗಿಸಿದ ನನಗೆ ಗೊತ್ತಿರಲಿಲ್ಲ. ಇನ್ನು ಬಂಕಾಪುರ. ಅಮೋಘವರ್ಷನ ನೆಚ್ಚಿನ ದಂಡನಾಯಕ ಬಂಕೇಶ, ಅವನ ಹೆಸರಿನಿಂದಲೇ ಈ ಊರು. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, 898ರ ಸುಮಾರಿಗೆ, ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಇದೇ ಊರಲ್ಲಿ ಪೂಜೆ ನಡೆಯಿತು. ಮಹಾವೀರಾಚಾರ್ಯರು ಈ ಊರಿಗೆ ಬಂದಿದ್ದರು ಎಂದು ನಾನೇನೂ ಹೇಳುತ್ತಿಲ್ಲ. ಆದರೆ ಯೂರಿಯಾ ಚೀಲ ಎಣಿಸುತ್ತಾ ದಿನಾ ನೋಡುವ ಊರಿನ ಬೋರ್ಡು ಅವತ್ತಿನಿಂದ ನನಗೆ ಬೇರೆ ಥರ ಕಾಣತೊಡಗಿತು. ಕೋಟೆಯೊಳಗಿನ ನಗರೇಶ್ವರ ಗುಡಿಗೂ ಒಮ್ಮೆ ಹೋಗಿ ಬಂದೆ. ಊರವರು ಅದನ್ನು ಅರವತ್ತು ಕಂಬದ ಗುಡಿ ಅನ್ನುತ್ತಾರೆ, ಎಣಿಸಿದರೆ ಅರವತ್ತಾರು. ಅಂದಾಜು ಹೇಳುವುದರಲ್ಲಿ ನಮ್ಮ ಕಡೆಯವರು ಯಾವಾಗಲೂ ಉದಾರಿಗಳು. ಇಲ್ಲಿ ಮಾತ್ರ ಯಾಕೋ ಆರು ಕಂಬ ಉಳಿಸಿಕೊಂಡಿದ್ದಾರೆ.

ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧ್ಯಾಯಗಳಿವೆ. ಮೊದಲಲ್ಲೇ ಗಣಿತ ಎಲ್ಲೆಲ್ಲಿ ಬೇಕು ಎಂದು ಹೇಳುತ್ತಾರೆ. ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವುದು ಇವುಗಳ ಜೊತೆಗೆ ಅಡುಗೆಯೂ ಇದೆ. ಏಕ, ದಶ, ಶತ ಎಂದು ಶುರುವಾಗುವ ಸ್ಥಾನಗಳಿಗೆ ಇಪ್ಪತ್ತನಾಲ್ಕರವರೆಗೆ ಹೆಸರು ಕೊಟ್ಟಿದ್ದಾರೆ, ಕೊನೆಯದು ಮಹಾಕ್ಷೋಭ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ಆ ಪುಸ್ತಕದಲ್ಲಿ ಗುಣಾಕಾರ ಕಲಿಸುವ ಭಾಗದಲ್ಲಿ ನನ್ನ ಲೆಕ್ಕ ಇತ್ತು. 152207ನ್ನು 73ರಿಂದ ಗುಣಿಸು. ಬರುವ ಉತ್ತರಕ್ಕೆ ಅವರು ಕೊಟ್ಟಿರುವ ಹೆಸರು ಕೊರಳ ಆಭರಣ. ಅಂದರೆ ಹಾರ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳನ್ನು ಪೋಣಿಸಿದ ಮಣಿಗಳಂತೆ ಕಂಡಿದ್ದಾರೆ. ಅಂಕಿಗಳನ್ನೂ ಅಂಕಿಯಾಗಿ ಬರೆಯದೆ ಆ ಕಾಲದ ಪದ್ಧತಿಯಂತೆ ಪದಗಳಲ್ಲಿ ಹೇಳುತ್ತಾರೆ, ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು. ಮೂಲ ಇರುವುದು ಸಂಸ್ಕೃತದಲ್ಲಿ. ಕನ್ನಡದಲ್ಲೇ ಲೆಕ್ಕ ಬರೆದ ರಾಜಾದಿತ್ಯ ಬಂದದ್ದು ಆಮೇಲೆ, 12ನೇ ಶತಮಾನದಲ್ಲಿ.

ಹಾರ ಒಂದೇ ಅಲ್ಲ, ಇನ್ನೂ ಇವೆ. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗೆ ಎರಡು ಮಣಿ, ನಡುವೆ ಬರೀ ದಾರ. 11011011ನ್ನು 91ರಿಂದ ಗುಣಿಸಿದರೆ 1002002001. 333333666667ನ್ನು 33ರಿಂದ ಗುಣಿಸಿದರೆ 11000011000011. ನನಗೆ ಹೆಚ್ಚು ಇಷ್ಟವಾದದ್ದು 27994681ನ್ನು 441ರಿಂದ ಗುಣಿಸಿದರೆ ಸಿಗುವ 12345654321. ಏರುತ್ತಾ ಹೋಗಿ ಹಾಗೇ ಇಳಿಯುತ್ತದೆ.

ಇದನ್ನೆಲ್ಲ ಓದಿ ಸರ್ ಮುಂದೆ "ಭಾಳ ಚೊಲೋ ಐತಿ ಸರ್" ಎಂದೆ. ಅವರಿಗೆ ಅದು ಸಾಕಾಗಲಿಲ್ಲ. "ಚೊಲೋ ಐತಿ ಅಂದ್ರ ಆತೇನು? 73 ಎಲ್ಲಿಂದ ಬಂತು ಹೇಳು" ಎಂದು ಕಳಿಸಿಬಿಟ್ಟರು.

ಮೂರು ದಿನ ಬೇಕಾಯಿತು. ಅಂಗಡಿಯಲ್ಲಿ ಬಿಲ್ ಬರೆಯುತ್ತಾ 11111111ರ ನಡುವೆ ಅಲ್ಪವಿರಾಮ ಹಾಕಿದ್ದೆ, 1111,1111 ಎಂದು. ಹಾಗೆ ನೋಡಿದಾಗ ಹೊಳೆಯಿತು. ಇದು ಎಂಟು ಒಂದುಗಳ ಸಂಖ್ಯೆ ಮಾತ್ರವಲ್ಲ, 1111ನ್ನು ಎರಡು ಸಲ ಬರೆದದ್ದು. ನಾಲ್ಕು ಅಂಕಿಯ ಸಂಖ್ಯೆಯನ್ನು ಎರಡು ಸಲ ಬರೆಯುವುದು ಎಂದರೆ ಅದನ್ನು ಹತ್ತು ಸಾವಿರದಿಂದ ಗುಣಿಸಿ ಮತ್ತೆ ಅದನ್ನೇ ಕೂಡಿಸುವುದು, ಅಂದರೆ 10001ರಿಂದ ಗುಣಿಸುವುದು. 10001ನ್ನು ಒಡೆದರೆ 73 × 137! 1111ನ್ನು ಒಡೆದರೆ 11 × 101. ಹಾಗಾಗಿ ಎಂಟು ಒಂದುಗಳ ಒಳಗೆ ಇರುವುದು ನಾಲ್ಕೇ ಮಣಿ: 11, 73, 101, 137. ನಾಲ್ಕೂ ಅವಿಭಾಜ್ಯ ಸಂಖ್ಯೆಗಳು, ಮತ್ತೆ ಒಡೆಯುವುದಿಲ್ಲ. 73ನ್ನು ಬದಿಗಿಟ್ಟು ಉಳಿದ ಮೂರನ್ನು ಗುಣಿಸಿದರೆ 152207. ಅಷ್ಟೇ. ಚೆಂದವಿಲ್ಲ ಎಂದುಕೊಂಡಿದ್ದ ಆ ಎರಡು ಸಂಖ್ಯೆಗಳು ಒಂದೇ ಹಾರವನ್ನು ಹರಿದಾಗ ಸಿಕ್ಕ ತುಂಡುಗಳು.

12345654321 ಕೂಡ ಹೀಗೇ. ಅದು ಆರು ಒಂದುಗಳ ವರ್ಗ, 111111 × 111111. ಆರು ಒಂದುಗಳ ಒಳಗೆ 3, 7, 11, 13, 37 ಇವೆ. 3 ಮತ್ತು 7 ಸೇರಿ 21, ಅದರ ವರ್ಗ 441. ಉಳಿದ ಮೂರು ಸೇರಿ 5291, ಅದರ ವರ್ಗ 27994681. ಮಹಾವೀರಾಚಾರ್ಯರು ಹೀಗೆ ಒಡೆದೇ ಲೆಕ್ಕ ಕಟ್ಟಿದರೋ ಬೇರೆ ದಾರಿಯಿಂದಲೋ, ನನಗಂತೂ ಇಷ್ಟು ನೀಟಾಗಿ ಹೊಂದಿಸಿದ್ದು ಕಾಕತಾಳೀಯ ಅನ್ನಿಸುವುದಿಲ್ಲ. ಇಂಥ ಏರಿಳಿಯುವ ಸಂಖ್ಯೆಗಳ ಹಿಂದೆ 20ನೇ ಶತಮಾನದಲ್ಲಿ ಇನ್ನೊಬ್ಬರು ಬಿದ್ದಿದ್ದರು. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರಾಗಿದ್ದ ಡಿ.ಆರ್. ಕಾಪ್ರೇಕರ್ (1905–1986). ಅವರು ಇವುಗಳಿಗೆ ಇಟ್ಟ ಹೆಸರು ಡೆಮ್ಲೊ ಸಂಖ್ಯೆಗಳು. ಡೆಮ್ಲೊ ಎಂದರೆ ಮುಂಬೈ ಹತ್ತಿರದ ಒಂದು ರೈಲು ನಿಲ್ದಾಣ, ಆ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿ. ಬಸ್ಸಿನಲ್ಲಿ ಲೆಕ್ಕ ಸಿಕ್ಕ ನನಗೆ ಇದನ್ನು ಓದಿ ಬಹಳ ಖುಷಿಯಾಯಿತು.

ಕಾರಣ ಗೊತ್ತಾದ ಮೇಲೆ ಸೂತ್ರ ತಾನಾಗಿ ಬಂತು. ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗಾಗಿ ಹೇಳುತ್ತೇನೆ. ಎಂಟಂಕಿಯ ಸಂಖ್ಯೆಯನ್ನು ನಾಲ್ಕು ನಾಲ್ಕಾಗಿ ಒಡೆದು, ಒಂದರಲ್ಲಿ ಒಂದನ್ನು ಕಳೆಯಿರಿ. ಉಳಿದದ್ದು 73ರಿಂದ ಹೋದರೆ ಇಡೀ ಸಂಖ್ಯೆ 73ರಿಂದ ಹೋಗುತ್ತದೆ, 137ಕ್ಕೂ ಅದೇ. ಉದಾಹರಣೆಗೆ 43925049. 5049ರಲ್ಲಿ 4392 ಕಳೆದರೆ 657, ಅದು 73ರ ಒಂಬತ್ತು ಪಟ್ಟು. ಹಾಗಾಗಿ ಇಡೀ ಸಂಖ್ಯೆ 73ರಿಂದ ಹೋಗುತ್ತದೆ, 137ರಿಂದ ಹೋಗುವುದಿಲ್ಲ. ಆರಂಕಿಯ ಸಂಖ್ಯೆಯನ್ನು ಮೂರು ಮೂರಾಗಿ ಒಡೆದು ಹೀಗೇ ಮಾಡಿದರೆ 7, 11, 13 ಮೂರಕ್ಕೂ ಒಂದೇ ಏಟಿಗೆ ಉತ್ತರ, ಏಕೆಂದರೆ 1001 ಎಂದರೆ 7 × 11 × 13. ಇದು ನನ್ನ ಕೋಚಿಂಗ್ ನೋಟ್ಸ್‌ನಲ್ಲೂ ಇತ್ತು, ಆದರೆ ಯಾಕೆ ಎಂಬುದು ಇರಲಿಲ್ಲ. ಯಾಕೆ ಎಂದು ನಾನೂ ಕೇಳಿರಲಿಲ್ಲ.

ಅಂಗಡಿಯಲ್ಲಿ ಇದು ನನ್ನ ಆಟವಾಯಿತು. ಬೈಕಿನಲ್ಲಿ ಬರುವ ರೈತರಿಗೆ, "ಕಾಕಾ, ನಿಮ್ಮ ಗಾಡಿ ನಂಬರ್ ಹೇಳ್ರಿ" ಅನ್ನುತ್ತೇನೆ. ಕೆಎ 27 ಬಿಟ್ಟು ಕೊನೆಯ ನಾಲ್ಕು ಅಂಕಿ. ಸವಣೂರು ಕಡೆಯ ಹಿರಿಯರೊಬ್ಬರದು 3608 ಎಂದಿಟ್ಟುಕೊಳ್ಳಿ. ಕ್ಯಾಲ್ಕುಲೇಟರ್ ಅವರ ಕೈಗೇ ಕೊಟ್ಟೆ. "ಅದನ್ನ ಎರಡ ಸಲ ಒತ್ರಿ, 36083608. ಈಗ 137ಲೇ ಭಾಗಿಸ್ರಿ. ಬಂದಿದ್ದನ್ನ ನಿಮ್ಮ ಗಾಡಿ ನಂಬರಲೇ ಭಾಗಿಸ್ರಿ." ನಾನು ಮೊದಲೇ ಚೀಟಿಯಲ್ಲಿ 73 ಎಂದು ಬರೆದು ಮಡಚಿ ಅವರ ಜೇಬಿಗೆ ಹಾಕಿರುತ್ತೇನೆ. ಅವರು ಚೀಟಿ ಬಿಡಿಸಿ ನೋಡಿ, "ಇದರಾಗ ಏನೋ ಕರಾಮತ್ತ ಐತಿ ತಮ್ಮಾ" ಎಂದರು.

ಕರಾಮತ್ತಿಲ್ಲ ಎಂದು ತಿಳಿಸಿ ಹೇಳಬೇಕಲ್ಲ. 10001ರ ಮಾತು ಹೇಳಿದರೆ ತಲೆ ಅಲ್ಲಾಡಿಸಲಿಲ್ಲ. ಕೊನೆಗೆ ಹೀಗೆ ಹೇಳಿದೆ: "ಸರಕಾರ ಹತ್ತು ಸಾವಿರ ರೈತರಿಗೆ ತಲಾ 3608 ರೂಪಾಯಿ ಕೊಟ್ಟಿತು ಅಂತ ತಿಳಕೋರಿ. ಎಷ್ಟಾತು? ಮೂರು ಕೋಟಿ ಅರವತ್ತು ಲಕ್ಷದ ಎಂಬತ್ತು ಸಾವಿರ. ಆಮೇಲೆ ಮತ್ತೊಬ್ಬ ರೈತ ಉಳದಾನ ಅಂತ ಅವಗೂ 3608 ಕೊಟ್ಟಿತು. ಈಗ ನೋಡ್ರಿ, 36083608. ಒಟ್ಟ ಹತ್ತು ಸಾವಿರದ ಒಬ್ಬ ರೈತರು." ಅವರು ಒಂದು ಗಳಿಗೆ ಯೋಚಿಸಿ, "ತಿಳೀತು. ಆದ್ರ ಆ ಉಳದಾಂವ ಯಾವಾಗಲೂ ನಾನ ಆಗಿರ್ತೀನಿ ನೋಡು" ಎಂದು ಚೀಲ ಹೆಗಲಿಗೇರಿಸಿದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಪರೀಕ್ಷೆಯ ಕಟ್ ಆಫ್ ನೆನಪಾಯಿತು.

ಎಂಟು ಒಂದು ಒಡೆಯಿತು. ಎಲ್ಲವೂ ಹೀಗೆ ಒಡೆಯುತ್ತವೆಯೇ? ಈ ಪ್ರಶ್ನೆ ಎತ್ತಿದವನು ನನ್ನ ಅಳಿಯ. ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿದೆ, ಅವಳ ಮಗ ಏಳನೇ ಕ್ಲಾಸ್. ದಸರಾ ರಜೆಗೆ ಹೋದಾಗ ಅವನಿಗೂ ಗಾಡಿ ನಂಬರಿನ ಆಟ ತೋರಿಸಿದ್ದೆ. ಅವನು ಊರ ಮುಂದಿನ ಗಾಡಿಗಳನ್ನೆಲ್ಲ ಲೆಕ್ಕ ಹಾಕಿ ಮುಗಿಸಿ, ಹುಣಸೆಬೀಜ ಹರಡಿಕೊಂಡು ಕೂತಿದ್ದ. "ಮಾಮಾ, ಹನ್ನೆರಡು ಒಂದು ಇದ್ರ ಎರಡೆರಡರ ಗುಂಪು ಆಗ್ತೈತಿ, ಮೂರರದೂ ಆಗ್ತೈತಿ, ನಾಲ್ಕರದು, ಆರರದು. ಹಂಗಾದ್ರ 11ರಿಂದನೂ ಹೋಗಬೇಕು, 111ರಿಂದನೂ ಹೋಗಬೇಕು. ಆದ್ರ ಏಳು ಒಂದು ಇದ್ರ ಯಾವ ಗುಂಪೂ ಆಗವಲ್ದು. ಅದು ಒಡಿಯೋದಿಲ್ಲೇನು?"

ಅವನು ಹುಣಸೆಬೀಜದಿಂದ ಕಂಡುಕೊಂಡದ್ದು ನಿಜವಾದ ಪ್ರಮೇಯ. ಒಂದುಗಳ ಎಣಿಕೆ ಗುಂಪಾಗಿ ಒಡೆದರೆ ಆ ಸಂಖ್ಯೆಯೂ ಒಡೆಯುತ್ತದೆ. ಆದರೆ ಎಣಿಕೆ ಒಡೆಯದಿದ್ದರೆ ಸಂಖ್ಯೆಯೂ ಒಡೆಯುವುದಿಲ್ಲ ಎಂದು ಹೇಳಲಾಗದು. ಮೂರು ಒಂದು ಎಂದರೆ 3 × 37. ಐದು ಒಂದು 41 × 271. ಅವನ ಏಳು ಒಂದು 239 × 4649. ಹದಿನೇಳು ಒಂದುಗಳದ್ದು ಎಷ್ಟು ಗಟ್ಟಿ ಕಾಯಿ ಎಂದರೆ, ಅದನ್ನು ಭಾಗಿಸುವ ಅತಿ ಚಿಕ್ಕ ಅವಿಭಾಜ್ಯವೇ 2071723. ಹತ್ತೊಂಬತ್ತು ಒಂದುಗಳದ್ದು ಮಾತ್ರ ಒಡೆಯುವುದೇ ಇಲ್ಲ, ಅಷ್ಟುದ್ದದ ಸಂಖ್ಯೆ ಒಂದೇ ಮಣಿ. ಇಪ್ಪತ್ತಮೂರು ಒಂದುಗಳದ್ದೂ ಹಾಗೇ. ಆಮೇಲೆ ಒಮ್ಮೆಲೇ 317ಕ್ಕೆ ಹಾರಬೇಕು, ಅಲ್ಲಿಂದ 1031ಕ್ಕೆ. 49081 ಒಂದುಗಳ ಸಂಖ್ಯೆ ಅವಿಭಾಜ್ಯ ಎಂದು ಸಾಬೀತಾದದ್ದು ಮೊನ್ನೆ ಮೊನ್ನೆ, 2022ರಲ್ಲಿ. ಇವು ಹೀಗೆ ಸಿಗುತ್ತಲೇ ಹೋಗುತ್ತವೆಯೋ, ಎಲ್ಲೋ ಒಂದು ಕಡೆ ನಿಂತುಬಿಡುತ್ತವೆಯೋ, ಜಗತ್ತಿನಲ್ಲಿ ಈವರೆಗೆ ಯಾರೂ ಸಾಬೀತು ಮಾಡಿಲ್ಲ.

"ಇದನ್ನ ಒಡದು ಏನ್ ಮಾಡ್ತಾರ?" ಎಂದಳು ಅಕ್ಕ, ರೊಟ್ಟಿ ಬಡಿಯುತ್ತಾ. ನ್ಯಾಯವಾದ ಪ್ರಶ್ನೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಿಸಿ ಬಂದದ್ದನ್ನು ಮತ್ತೆ ಒಡೆಯುವುದು ಮಹಾ ಕಷ್ಟ. 1977ರಲ್ಲಿ ಬಂದ ಆರ್‌ಎಸ್‌ಎ ಎಂಬ ವಿಧಾನ ಈ ಕಷ್ಟವನ್ನೇ ಬೀಗ ಮಾಡಿಕೊಂಡಿತು. ಇಂಟರ್‌ನೆಟ್‌ನಲ್ಲಿ ಹಣ, ಗುಟ್ಟು ಕಳಿಸುವಾಗ ಕಾಯಲು ಅದನ್ನು ದಶಕಗಳಿಂದ ಬಳಸುತ್ತಿದ್ದಾರೆ. 250 ಅಂಕಿಯ ಅಂಥ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆದರು, ಅದಕ್ಕೆ ರಾಶಿ ರಾಶಿ ಕಂಪ್ಯೂಟರ್‌ಗಳು ಬೇಕಾದವು. ಇಷ್ಟನ್ನು ಹೇಳಿದೆ. "ಹಂಗಾದ್ರ ನೌಕರಿನೂ ಇರಬೇಕಲ್ಲ ಅದರಾಗ" ಎಂದಳು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆ ರಾತ್ರಿ ಮಾತ್ರ ಎಂ.ಎಸ್‌ಸಿ. ಪ್ರವೇಶದ ಅರ್ಜಿ ಎಂದಿನಿಂದ ಶುರು ಎಂದು ಮೊಬೈಲ್‌ನಲ್ಲಿ ಹುಡುಕಿದೆ.

ಕಳೆದ ತಿಂಗಳು ಮತ್ತೊಂದು ಪರೀಕ್ಷೆ ಬರೆದೆ. ಎಂಟು ಒಂದು ಬರಲಿಲ್ಲ, ಬರುತ್ತದೆ ಎಂದು ಕಾದೂ ಇರಲಿಲ್ಲ. ಆರಂಕಿಯ ಒಂದು ಸಂಖ್ಯೆ ಬಂದಿತ್ತು, ಮೂರು ಮೂರಾಗಿ ಒಡೆದು ಕೆಲವೇ ಕ್ಷಣದಲ್ಲಿ ಮುಗಿಸಿದೆ. ಸೂತ್ರವಿಲ್ಲದ ಎರಡು ಲೆಕ್ಕಗಳನ್ನು ಕೂತು ಭಾಗಿಸಿದೆ. ಇತಿಹಾಸದ ಭಾಗ ಕಷ್ಟವಿತ್ತು. ಫಲಿತಾಂಶ ಇನ್ನೂ ಬಂದಿಲ್ಲ.

ಮೊನ್ನೆ ಅಂಗಡಿ ತೆರೆಯುವ ಹೊತ್ತಿಗೆ ಅಳಿಯನ ಫೋನ್. "ಮಾಮಾ, ಹದಿಮೂರು ಒಂದು ಹಿಡದೀನಿ. ಕ್ಯಾಲ್ಕುಲೇಟರ್‌ನ್ಯಾಗ ಹಿಡಸವಲ್ದು, ಕೈಲೇ ಮಾಡಾಕತ್ತೀನಿ. ಐವತ್ತರ ತನಕ ಎಲ್ಲಾ ಅವಿಭಾಜ್ಯದಿಂದ ನೋಡಿದೆ, ಯಾವುದರಿಂದನೂ ಹೋಗವಲ್ದು. ಇದು ಒಡಿಯೋದಿಲ್ಲ ಅಂತ ಬರದಬಿಡ್ಲೇನು?"

ಉತ್ತರ ನನಗೆ ಗೊತ್ತಿತ್ತು. ಬಾಯಿ ಬಿಗಿಹಿಡಿದು, "ಇನ್ನೊಂದೀಟ ಮುಂದ ಹೋಗಿ ನೋಡು" ಎಂದೆ.

ಮಧ್ಯಾಹ್ನ ವಾಟ್ಸ್‌ಆ್ಯಪ್‌ಗೆ ಫೋಟೋ ಬಂತು. ನೋಟ್‌ಬುಕ್ಕಿನ ಪುಟದ ತುಂಬ ಭಾಗಾಕಾರ, ಎರಡು ಕಡೆ ಒರೆಸಿ ಒರೆಸಿ ಕಾಗದ ಹರಿದಿದೆ. ಕೆಳಗೆ ದೊಡ್ಡದಾಗಿ 53 × 20964360587 ಎಂದು ಬರೆದು, ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದ. ಪಕ್ಕದಲ್ಲಿ ಇನ್ನೊಂದು ಸಾಲು: ಉಳಿದ ಇದೂ ಒಡಿಯತೈತೇನು ಮಾಮಾ?